ಡ್ರಿಲ್ ಮೇಷ್ಟ್ರ ನಗು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ದೂರು ಕೊಡುವ ಮೊದಲು ಇಡೀ ಊರನ್ನೇ ಬಯ್ದಳು. ಹಿಂದಿನ ಸಂಜೆ ವಾಕಿಂಗ್ ಹೋದ ಗಂಡ ಎಡಗೈ ಮುರಿದುಕೊಂಡು ಮರಳಿದ್ದರು. ಊರಿಗೆಲ್ಲ ಅವರು ಡ್ರಿಲ್ ಮೇಷ್ಟ್ರು. ಯಾರು ಹೊಡೆದರೆಂದು ಕೇಳಿದರೆ ನಗುತ್ತಾರೆ, ಇಲ್ಲವೇ ಬನ್ನು ಕೇಳುತ್ತಾರೆ.

"ಕುಡೀತಾರಾ?" ಇನ್ಸ್‌ಪೆಕ್ಟರ್ ಕೇಳಿದರು.

"ನಿಮಗೂ ಅದೇ ಹೊಳೀತಾ? ಕಾಯಿಲೆ ಸಾರ್! ನೆನಪೆಲ್ಲ ಸರಿಯಾಗಿದೆ. ನಾಚಿಕೆ, ಮರುಕ ಇರೋ ಕಡೆ ಮಿದುಳು ಸವೀತಿದೆ ಅಂದ್ರು ಡಾಕ್ಟ್ರು. ತುಂಬ ಅಪರೂಪವಂತೆ. ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತಂತೆ, ಔಷಧಿ ಇಲ್ಲವಂತೆ."

"ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ಹುಚ್ಚ ಅಂತ ಹೆಸರಿಡ್ತಾರೆ."

ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆಯಲ್ಲಿ ಮೂಳೆ ಕೂರಿಸುವಾಗಲೂ ಮೇಷ್ಟ್ರು ಗಹಗಹಿಸಿ ನಗುತ್ತಿದ್ದರು. ನಡುವೆ ನರ್ಸಿನ ಬಿಸ್ಕತ್ತಿಗೂ ಕೈ ಹಾಕಿದರು. ಮುರಿದ ಕೈಗೆ ಮರುಗುವ ಬದಲು ಆ ನಗುವಿಗೇ ಎಲ್ಲರ ಮೈ ಉರಿಯುತ್ತಿತ್ತು.

ಬೆನ್ನ ಮೇಲಿನ ಬಾಸುಂಡೆಗಳು ಎರಡು ಬೆರಳಗಲ, ಅಂಚು ನೇರ. "ದೊಣ್ಣೆ ಅಲ್ಲ, ಚಪ್ಪಟೆ ಪಟ್ಟಿ," ಎಂದರು ಡಾಕ್ಟರು.

"ಇವರು ದಿನಾ ಒಂದೇ ದಾರೀಲಿ ಹೋಗ್ತಾರೆ. ಕೈ ಹಿಡಿದೆಳೆದ್ರೂ ದಾರಿ ಬದಲಿಸಲ್ಲ," ಎಂದಳು ಹೆಂಡತಿ.

ಇನ್ಸ್‌ಪೆಕ್ಟರ್‌ಗೆ ಅಷ್ಟು ಸಾಕಾಯಿತು. ಸಂಜೆ ಮೇಷ್ಟ್ರು ಪ್ಲಾಸ್ಟರ್ ಹಾಕಿದ ಕೈಯಲ್ಲೇ ಹೊರಟರು. ಹಿಂದೆ ಹೆಂಡತಿ, ಅವಳ ಹಿಂದೆ ಮಫ್ತಿಯಲ್ಲಿ ಇನ್ಸ್‌ಪೆಕ್ಟರ್ ಮತ್ತು ಕಾನ್‌ಸ್ಟೆಬಲ್. ಬೇಕರಿಯಲ್ಲಿ ಮೇಷ್ಟ್ರು ಕೇಳದೆ ಬನ್ನು ಎತ್ತಿಕೊಂಡರು. "ಮಾನಗೆಟ್ಟವನು!" ಎಂದು ಬೇಕರಿಯವನು ಕೂಗಿದ. ಮೇಷ್ಟ್ರು ತಿನ್ನುತ್ತಲೇ ಟೈಲರ್ ಅಂಗಡಿಗೆ ನುಗ್ಗಿ ಮೇಜಿನ ಮೇಲಿದ್ದ ಚಹಾ ಕುಡಿದುಬಿಟ್ಟರು.

ಆ ಟೈಲರ್ ಮೇಷ್ಟ್ರ ಒಡಹುಟ್ಟಿದ ಅಣ್ಣ. ತಮ್ಮನ ಕೈ ನೋಡಿದ್ದೇ ಕತ್ತರಿ ಕೆಳಗಿಟ್ಟ. ಬಟ್ಟೆ ಅಳೆಯುವ ಮರದ ಪಟ್ಟಿ ಹೊಚ್ಚ ಹೊಸದು.

"ಹಳೇದೆಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

ಕಾನ್‌ಸ್ಟೆಬಲ್ ಅಂಗಡಿಯೆಲ್ಲ ತಡಕಿದ. ಚಿಂದಿಯ ಚೀಲದಲ್ಲಿ ಅದು ಎರಡು ತುಂಡಾಗಿ ಸಿಕ್ಕಿತು. ಬೇಕರಿಯವನನ್ನೂ ಪಕ್ಕದ ಅಂಗಡಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಮಾಡಿ ತುಂಡುಗಳನ್ನು ವಶಪಡಿಸಿಕೊಂಡರು.

"ಸ್ವಂತ ತಮ್ಮನ ಕೈ ಮುರಿದೆಯಲ್ಲಯ್ಯಾ!"

"ತಮ್ಮ!" ಅಣ್ಣ ಅಬ್ಬರಿಸಿದ. "ಹೋದ ತಿಂಗಳು ನನ್ನ ಹೆಂಡತಿ ಸತ್ತಳು. ತಾಯಿಲ್ಲದ ಇವನಿಗೆ ತುತ್ತಿಟ್ಟು ಬೆಳೆಸಿದೋಳು. ಇವನು ಹೆಣದ ಮುಂದೆ ನಿಂತು ನಕ್ಕ. ಊಟ ಎಷ್ಟೊತ್ತಿಗೆ ಅಂದ. ನಿನ್ನೆ ಅವಳ ಫೋಟೋ ನೋಡಿ ಮತ್ತೆ ನಕ್ಕ. ಹೊಡೆದೆ. ಹೊಡೆದ್ರೂ ನಕ್ಕ. ಅದಕ್ಕೇ ಮತ್ತೆ ಹೊಡೆದೆ!"

ಇನ್ಸ್‌ಪೆಕ್ಟರ್‌ಗೆ ಪಿತ್ತ ನೆತ್ತಿಗೇರಿತು. "ಅದು ಕಾಯಿಲೆ ಕಣಯ್ಯಾ! ತನ್ನ ಮೂಳೆ ಕೂರಿಸುವಾಗಲೂ ಹಾಗೇ ನಗ್ತಿದ್ರು!"

ಅಣ್ಣ ತಮ್ಮನ ಹೆಂಡತಿಯತ್ತ ತಿರುಗಿದ. "ಒಂದು ಮಾತು ಹೇಳಬಾರದಿತ್ತೇನಮ್ಮಾ?"

"ನೀವು ಕೇಳಿದ್ರಾ ಭಾವ? ಇವರಿಗೇನಾಗಿದೆ ಅಂತ ಒಂದು ಸಲ ಕೇಳಿದ್ರಾ?"

ಏಳು ಗಂಟೆಗೆ ಬಂಧನವಾಯಿತು. ಜೀಪು ಹತ್ತುವಾಗ ಅಣ್ಣನ ದನಿ ಇಳಿದಿತ್ತು. "ಅವಳಿಗೋಸ್ಕರ ನಾನೊಬ್ಬನೇ ಅಳ್ತಿದ್ದೆ ಸಾರ್. ಇವನೂ ಒಂದು ಸಲ ಅಳಲಿ ಅಂತ ಹೊಡೆದೆ."

ಮೇಷ್ಟ್ರು ಬೀದಿಯಲ್ಲಿ ನಿಂತು ಜೀಪಿನತ್ತ ನೋಡಿ ನಕ್ಕರು. ಈ ಸಲ ಬೇಕರಿಯವನೂ ಬಯ್ಯಲಿಲ್ಲ.