ಎರಡನೇ ಹೆಸರು

ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ ಪ್ರೂಫ್ ಅಕ್ಕನ ಹನ್ನೊಂದು ದಿನದ ಕೆಲಸ ಮಾಯವಾಗಿತ್ತು.

ಹನ್ನೊಂದಕ್ಕೆ ಮೇಡಂ ರೂಮಿಗೆ ಹೋಗಿದ್ದವರು ವಾಪಸ್ ಬಂದು ಕುರ್ಚಿ ಎಳೆದುಕೊಂಡು ಕೂತರು. ಪರದೆ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಸ್ವಲ್ಪ ಬರ್ತೀಯಾ? ಫೈಲ್ ಕಾಣ್ತಿಲ್ಲ."

ನಾನು ಕೀಬೋರ್ಡ್ ಮುಟ್ಟಲಿಲ್ಲ. ಕರೆಂಟಿನ ವೈರನ್ನೇ ಕಿತ್ತೆ. ಅಳಿಸಿದ ಫೈಲಿನ ಜಾಗದಲ್ಲಿ ಹೊಸದೇನಾದರೂ ಬರೆದುಕೊಂಡರೆ ಎಲ್ಲ ಮುಗಿದ ಹಾಗೆ. ಇಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವವಳು ನಾನು.

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಐದು ಜನ. ಕಂಪ್ಯೂಟರಿನ ತಿರುಳಾದ ಕೆರ್ನಲ್ ಮೇಲೆ ಕೆಲಸ. ಯಾರು ಬೇಕಾದರೂ ಓದಿ, ತಿದ್ದಿ, ತಿದ್ದಿದ್ದನ್ನು ಕಳಿಸಬಹುದಾದ ಕೆರ್ನಲ್ ಅದು. ಅದರಲ್ಲಿ ನಮ್ಮ ಪಾಲು ಫೈಲ್ ಸಿಸ್ಟಂ. ಯಾವ ಫೈಲು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ಭಾಗ.

ಪ್ರೂಫ್ ಅಕ್ಕ ಆರು ತಿಂಗಳ ಹಿಂದೆ ಬಂದವರು. ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ್ದರು. ಪ್ರೆಸ್ಸು ಮುಚ್ಚಿತು. ನಮ್ಮಲ್ಲೇ ಎಂಟು ವರ್ಷದಿಂದ ಇರುವ ಅವರ ಮೈದುನ ಕರೆತಂದು ಕೂರಿಸಿದ. ಅವರು ಕೋಡನ್ನೂ ಕರಡಿನ ಹಾಗೆಯೇ ಓದಿದರು, ಸಾಲಿನ ಕೆಳಗೆ ಸ್ಕೇಲ್ ಹಿಡಿದು. ಒಂದು ದಿನ ಮೂರು ಸಾಲು ಹಿಂದುಮುಂದಾಗಿರುವುದು ಅವರ ಕಣ್ಣಿಗೆ ಬಿತ್ತು. ಫೈಲಿನ ಹೆಸರು ಬದಲಿಸುತ್ತಿರುವಾಗ ಕರೆಂಟು ಹೋದರೆ ಹಳೇ ಹೆಸರೂ ಇರುವುದಿಲ್ಲ, ಹೊಸ ಹೆಸರೂ ಇರುವುದಿಲ್ಲ. ಹನ್ನೆರಡು ವರ್ಷದಿಂದ ಯಾರೂ ನೋಡದ ತಪ್ಪು. ಅದನ್ನು ಸರಿಪಡಿಸಿ ಬರೆದದ್ದೇ ಆ ಹನ್ನೊಂದು ದಿನದ ಕೆಲಸ.

ಫೈಲ್ ಹೋಗುವ ಹಿಂದಿನ ದಿನ ಮೇಡಂ ಎಲ್ಲರೆದುರು ಅವರನ್ನು ಹೊಗಳಿದರು. ನಾಡಿದ್ದು ಮಧ್ಯಾಹ್ನದೊಳಗೆ ಕಳಿಸಿದರೆ ಈ ಸಲದ ಆವೃತ್ತಿಗೆ ಸೇರುತ್ತದೆ, ಇಲ್ಲದಿದ್ದರೆ ಮೂರು ತಿಂಗಳು ಕಾಯಬೇಕು ಅಂದರು. ಅವತ್ತು ನನಗೆ ಊಟ ಸೇರಲಿಲ್ಲ. ಮೂರು ವರ್ಷದಲ್ಲಿ ನಾನು ಕಳಿಸಿದ ನಾಲ್ಕು ತಿದ್ದುಪಡಿಗಳೂ ವಾಪಸ್ ಬಂದಿದ್ದವು.

ಈಗ ಫೈಲ್ ಅಳಿಸಿದ್ದು ಯಾರು ಅಂತ ಪತ್ತೆ ಮಾಡು ಎಂದು ಮೇಡಂ ನನಗೇ ಹೇಳಿದರು.

* * *

ಮೊದಲ ಅನುಮಾನ ನಮ್ಮ ಐವರಲ್ಲೊಬ್ಬನಾದ ಗಡ್ಡದವನ ಮೇಲೆ. ಅಕ್ಕನ ಮೇಜಿನ ಮೇಲೆ ಅವನ ಕಾಫಿ ಲೋಟದ ತಳದ ಗುರುತಿತ್ತು, ಇನ್ನೂ ಅಂಟಂಟು. ಅಕ್ಷರ ತಿದ್ದುವವರೆಲ್ಲ ಕೆರ್ನಲ್ ತಿದ್ದೋಕೆ ಬಂದರು ಎಂದು ಎಲ್ಲರ ಮುಂದೆ ಆಡಿಕೊಂಡವನೂ ಅವನೇ. ಟೆರೇಸಿಗೆ ಹೋಗಿ ಕೇಳಿದೆ. ಮುಚ್ಚಿಡಲಿಲ್ಲ.

"ಕೂತಿದ್ದೆ. ಅವರು ಬರೆದದ್ದು ಪೂರ್ತಿ ಓದಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಎದ್ದು ಬಂದೆ."

ಮೈದುನನನ್ನು ಕೇಳಿದೆ. ಅತ್ತಿಗೆಗಿಂತ ಹೆಚ್ಚು ಕಂಗಾಲಾದವನು ಅವನೇ. ಹನ್ನೊಂದರಿಂದ ಹನ್ನೊಂದೂವರೆವರೆಗೆ ಪಕ್ಕದ ರೂಮಿನಲ್ಲಿ ಪ್ರಿಂಟ್ ತೆಗೆಯುತ್ತಿದ್ದನಂತೆ. ಅಲ್ಲಿದ್ದಿದ್ದರೆ ಬಿಡುತ್ತಿದ್ದೆನಾ ಎಂದು ಹಲುಬಿದ.

* * *

ಡಿಸ್ಕನ್ನು ಬಿಚ್ಚಿ, ಬೇರೊಂದು ಯಂತ್ರಕ್ಕೆ ಹಾಕಿ, ಒಂದಕ್ಷರವೂ ಬದಲಾಗದ ಹಾಗೆ ಪ್ರತಿ ತೆಗೆದುಕೊಂಡೆ. ಫೋಲ್ಡರಿನಿಂದ ಒಂದು ಹೆಸರು ಅಳಿಸಿದರೆ ಫೋಲ್ಡರ್ ಆ ಹೊತ್ತನ್ನು ಬರೆದಿಟ್ಟುಕೊಳ್ಳುತ್ತದೆ. ಹನ್ನೊಂದು ಇಪ್ಪತ್ತು. ಒಂಬತ್ತು ಸೆಕೆಂಡ್ ಕಳೆದು ಇನ್ನೊಂದು ಫೋಲ್ಡರಿನಲ್ಲೂ ಒಂದು ಹೆಸರು ಅಳಿಸಿತ್ತು. ಅದು ಫೋಟೋಗಳ ಫೋಲ್ಡರು.

ಅಲ್ಲೇನಿತ್ತು ಎಂದು ಅಕ್ಕನನ್ನು ಕೇಳಿದೆ. ಅವರಿಗೆ ನಾಚಿಕೆಯಾಯಿತು. ಒಂದೇ ಫೈಲಿಗೆ ಎರಡು ಹೆಸರು ಕೊಡಬಹುದು ಎಂದು ಕಲಿತ ದಿನ, ಇದಕ್ಕೂ ಎರಡನೇ ಹೆಸರು ಕೊಟ್ಟು ಮಗಳ ಫೋಟೋಗಳ ನಡುವೆ ಬಚ್ಚಿಟ್ಟಿದ್ದರು. ಎರಡು ಹೆಸರಿದ್ದರೆ ಎರಡು ಪ್ರತಿ ಅಂದುಕೊಂಡಿದ್ದರು. ಹಾಗಲ್ಲ. ಒಂದು ಹೆಸರು ಅಳಿಸಿದರೆ ಫೈಲ್ ಉಳಿಯುತ್ತದೆ, ಎರಡೂ ಅಳಿಸಿದರೆ ಹೋಗುತ್ತದೆ.

"ಆ ಎರಡನೇ ಹೆಸರು ಯಾರಿಗೆ ಗೊತ್ತಿತ್ತು ಅಕ್ಕಾ?"

"ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನ ಮನೇಲಿ ಊಟಕ್ಕೆ ಕೂತಾಗ ಹೇಳಿಕೊಟ್ಟು, ಎಲ್ಲಿಟ್ಟೆ ಅಂತ ಕೇಳಿದ್ದು..."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

* * *

ಮೂರು ಗಂಟೆಗೆ ಫೈಲ್ ಸಿಕ್ಕಿತು. ಡಿಸ್ಕಿನ ಜರ್ನಲ್‌ನಲ್ಲಿ, ಅಂದರೆ ಫೈಲ್ ಸಿಸ್ಟಂ ತಾನು ಮಾಡುವುದನ್ನೆಲ್ಲ ಮೊದಲು ಗೀಚಿಕೊಳ್ಳುವ ಜಾಗದಲ್ಲಿ, ಅದರ ಹಳೇ ವಿಳಾಸ ಉಳಿದಿತ್ತು. ಸಾಲುಗಳು ಪರದೆ ಮೇಲೆ ಒಂದೊಂದಾಗಿ ಬಂದವು. ಅಚ್ಚುಕಟ್ಟಾದ ಕೆಲಸ.

ರೂಮಿನಲ್ಲಿ ನಾನೊಬ್ಬಳೇ. ಸಿಗಲಿಲ್ಲ ಎಂದುಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು. ಹತ್ತು ನಿಮಿಷ ಹಾಗೇ ಕೂತಿದ್ದೆ. ಅಳಿಸಿದವನಿಗೆ ಹನ್ನೊಂದು ಇಪ್ಪತ್ತಕ್ಕೆ ಏನನ್ನಿಸಿತ್ತು ಎಂದು ನನಗೆ ಆಗ ಚೆನ್ನಾಗಿ ಗೊತ್ತಾಯಿತು. ಫೈಲನ್ನು ಉಳಿಸಿಕೊಂಡು ಎದ್ದೆ.

* * *

ಮೇಡಂ ರೂಮಿಗೆ ಎಲ್ಲರೂ ಬಂದರು. ನಾನು ಮೈದುನನ ಕಡೆ ತಿರುಗಿದೆ.

"ಪ್ರಿಂಟರಿನ ಡ್ರಮ್ ಬೆಳಿಗ್ಗೆ ಹತ್ತರಿಂದ ನನ್ನ ಮೇಜಿನ ಮೇಲಿದೆ, ಬಿಚ್ಚಿಟ್ಟಿದ್ದೀನಿ, ಅದಿಲ್ಲದೆ ಅಚ್ಚೇ ಆಗಲ್ಲ. ನೀವು ಏನು ಪ್ರಿಂಟ್ ತೆಗೆದಿರಿ?"

ಉಳಿದದ್ದನ್ನು ಹೇಳಿದೆ. ಗಡ್ಡದವನಿಗೆ ಎರಡನೇ ಹೆಸರು ಗೊತ್ತಿರಲಿಲ್ಲ. ಅವನೇ ಅಳಿಸಿದ್ದರೆ ಒಂದು ಹೆಸರು ಹೋಗುತ್ತಿತ್ತು, ಕೆಲಸ ಉಳಿಯುತ್ತಿತ್ತು. ಎರಡನೆಯದನ್ನು ಹುಡುಕಬೇಕೆಂದರೆ ಎಲ್ಲ ಫೋಲ್ಡರುಗಳನ್ನೂ ಜಾಲಾಡಬೇಕು, ಜಾಲಾಡಿದ್ದರೆ ಅವುಗಳ ಮೇಲೆ ಓದಿದ ಗುರುತು ಬೀಳುತ್ತಿತ್ತು. ಬಿದ್ದಿರಲಿಲ್ಲ. ಕೈ ಇಟ್ಟವರು ಒಂಬತ್ತೇ ಸೆಕೆಂಡಿನಲ್ಲಿ ನೆಟ್ಟಗೆ ಫೋಟೋಗಳಿಗೆ ಹೋಗಿದ್ದರು. ಊಟದ ಮೇಜಿನ ಹತ್ತಿರ ಆ ಪಾಠ ಹೇಳಿಕೊಟ್ಟವರು ಮಾತ್ರ ಹಾಗೆ ಹೋಗಬಲ್ಲರು.

ಮೈದುನ ನೆಲ ನೋಡುತ್ತಾ ಮಾತಾಡಿದ. "ಎಂಟು ವರ್ಷ ಅತ್ತಿಗೆ. ನಾನು ಕಳಿಸಿದ್ದರಲ್ಲಿ ಒಪ್ಪಿದ್ದು ಬರೀ ಕಾಗುಣಿತದ ತಿದ್ದುಪಡಿಗಳನ್ನ. ಕಾಗುಣಿತ ತಿದ್ದುತ್ತಿದ್ದವರು ನೀವು. ಅಣ್ಣ ನಿನ್ನೆ ಅದನ್ನೇ ಹೇಳಿ ನಕ್ಕ."

ಅಕ್ಕ ಅವನ ಕಡೆ ತಿರುಗಿದರು.

"ನಿನ್ನಿಂದಲೇ ಕಲಿತೆ ಕಣೋ. ನಾಲ್ಕು ಜನರ ಮುಂದೆ ಅದನ್ನೇ ಹೇಳ್ತಿದ್ದೆ, ನೀನು ಕೇಳಿಸಿಕೊಳ್ಳಲಿಲ್ಲ. ಇನ್ನು ನಂಗೆ ಕಲಿಸೋಕೆ ಬರಬೇಡ."

ಮೇಡಂ ಅವನ ಕೈಯಿಂದ ಬಾಗಿಲಿನ ಕೀ ಇಸಿದುಕೊಂಡರು. ಅವನು ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದ. ಅಕ್ಕ ಕಿಟಕಿಯ ಹತ್ತಿರ ಹೋಗಿ, ಅವನು ತಿರುವು ದಾಟುವವರೆಗೂ ನೋಡಿದರು.

* * *

ಮರುದಿನ ಬೆಳಿಗ್ಗೆ ಕಳಿಸುವ ಮುಂಚೆ ಪರೀಕ್ಷೆ ಮಾಡಿಕೊಡು ಎಂದು ಅಕ್ಕ ನನ್ನನ್ನು ಕೇಳಿದರು. ಫೈಲಿನ ಹೆಸರು ಬದಲಿಸುವುದು, ನಡುವೆ ಕರೆಂಟು ಕೀಳುವುದು, ಮತ್ತೆ ಹಾಕಿ ನೋಡುವುದು. ಐವತ್ತು ಸಲ. ಪ್ರತಿ ಸಲ ವೈರು ಕೀಳುವಾಗಲೂ ಈ ಸಲ ಸೋಲಲಿ ಎಂದು ನನ್ನೊಳಗೆ ಏನೋ ಹಂಬಲಿಸುತ್ತಿತ್ತು. ಐವತ್ತನೇ ಸಲವೂ ಫೈಲ್ ತನ್ನ ಜಾಗದಲ್ಲೇ ಇತ್ತು.

ತಿದ್ದುಪಡಿಯ ಕೊನೆಗೆ ಪರೀಕ್ಷಿಸಿದವರ ಹೆಸರು ಹಾಕಬೇಕು. ಅಕ್ಕ ಕೀಬೋರ್ಡನ್ನು ನನ್ನ ಕಡೆ ಸರಿಸಿದರು. ನನ್ನ ಹೆಸರು ನಾನೇ ಬರೆದೆ. ಅಕ್ಕ ಸ್ಕೇಲ್ ಹಿಡಿದು ಅದರ ಕಾಗುಣಿತ ನೋಡಿ, ಸರಿಯಿದೆ ಎಂದು ಕಳಿಸಿದರು.