ಬೇಸಿನ್ನಿನ ಪಕ್ಕದ ಟ್ರೇ

ರೋಗಾಣು ಬೆಳೆಸುವ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಔಷಧಿ ಅದ್ದಿದ ಬಿಲ್ಲೆಗಳ ಸುತ್ತ ರೋಗಾಣು ಸಾಯಬೇಕಿತ್ತು. ಅದು ಒಂದೊಂದು ಬಿಲ್ಲೆಯ ಅಂಚಿನವರೆಗೂ ನೆಮ್ಮದಿಯಾಗಿ ಬೆಳೆದು ಕೂತಿತ್ತು. ತಟ್ಟೆಗೆ ಹಾಕಿದ್ದ ರಕ್ತ ಗುಬ್ಬಿಯದು — ರಕ್ತದ ಕ್ಯಾನ್ಸರಿನ ವಾರ್ಡಿನ ಪುಟ್ಟ ಹುಡುಗಿ. ಇದೇ ರೋಗಾಣು ಹೋದ ವಾರ ಅವಳ ಪಕ್ಕದ ಕೋಣೆಯಲ್ಲಿದ್ದ ರೋಗಿ ಮೇಷ್ಟ್ರೊಬ್ಬರನ್ನು ಕೊಂದಿತ್ತು.

ಎರಡು ಕೋಣೆ. ಎರಡಕ್ಕೂ ಸದಾ ಮುಚ್ಚಿದ ಬಾಗಿಲು. ಹಂತಕ ಒಳಗೆ ಹೋದದ್ದು ಹೇಗೆ?

ಸುತ್ತಲಿನ ಊರುಗಳ ಇಂಥ ವಾರ್ಡುಗಳಿಂದ ಮದ್ದಿಗೆ ಬಗ್ಗದ ರೋಗಾಣುಗಳನ್ನು ಕಲೆಹಾಕಿ ಸಂಶೋಧನೆ ಮಾಡುವುದು ನಮ್ಮ ಕೇಂದ್ರದ ಕೆಲಸ. ನಾನು ಲ್ಯಾಬಿನವನು, ತನಿಖೆ ನಮ್ಮ ಮೇಡಂ ಅವರದು. ನಾವು ವಾರ್ಡಿಗೆ ಹೋಗುವಷ್ಟರಲ್ಲಿ ದೊಡ್ಡ ಡಾಕ್ಟರು ತೀರ್ಪು ಕೊಟ್ಟಾಗಿತ್ತು: ನೆಲ ಒರೆಸುವ ಆಯಾಳದೇ ತಪ್ಪು, ಅವಳನ್ನು ಕೆಲಸದಿಂದ ತೆಗೆಯುವುದು. ಆಯಾ ಗೋಡೆಗೊರಗಿ ಅಳುತ್ತಿದ್ದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ಡಾಕ್ಟ್ರೇ," ಎಂದರು ಮೇಡಂ. "ಮೇಷ್ಟ್ರು ಹೋದಾಗ್ಲೇ ಅವಳ ಬಕೆಟ್ಟು, ಬಟ್ಟೆ ಎಲ್ಲ ಪರೀಕ್ಷೆ ಮಾಡಿದೀವಿ. ಏನೂ ಸಿಕ್ಕಿಲ್ಲ."

ಡಾಕ್ಟರ ಕೈ, ಹೆಡ್ ಸಿಸ್ಟರ್ ಕೈ, ಗುಬ್ಬಿಯ ಅಮ್ಮನ ಕೈ, ನಲ್ಲಿಯ ನೀರು — ಯಾವುದರಲ್ಲೂ ರೋಗಾಣು ಇರಲಿಲ್ಲ. ಹೆಡ್ ಸಿಸ್ಟರ್ ಗುಬ್ಬಿಗೆ ಸ್ವಂತ ಚಿಕ್ಕಮ್ಮ. ಯಾರೇ ಒಳಗೆ ಬಂದರೂ 'ಕೈ ತೊಳ್ಕೊಂಡ್ರಾ?' ಎಂದು ಕೇಳಲು ಮಗುವಿಗೆ ಕಲಿಸಿದವರೇ ಅವರು. ದೊಡ್ಡ ಡಾಕ್ಟರಿಗೂ ವಿನಾಯಿತಿ ಇರಲಿಲ್ಲ.

ಗುಬ್ಬಿ ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ನೇತಾಡುತ್ತಿದ್ದ ಡ್ರಿಪ್ ಬಾಟಲಿಯ ಮುಂದೆ ಮೇಡಂ ನಿಂತುಬಿಟ್ಟರು. ಅದಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ಅಕ್ಷರ ಅಲ್ಲಲ್ಲಿ ಹನಿ ಬಿದ್ದು ಕದಡಿತ್ತು.

"ಇದಕ್ಕೆ ನೀರು ಬಿದ್ದಿದ್ದೆಲ್ಲಿ?"

ಔಷಧಿ ಬೆರೆಸುವ ಕೋಣೆ ಫಳಫಳ ಹೊಳೆಯುತ್ತಿತ್ತು. ಕೈ ತೊಳೆಯುವ ಬೇಸಿನ್. ಅದರ ಮಗ್ಗುಲಲ್ಲೇ ಔಷಧಿಯ ಟ್ರೇ. ತೊಳೆದ ಕೈ ನಡುವೆ ಇನ್ನೇನನ್ನೂ ಮುಟ್ಟದಿರಲೆಂದು ಹೆಡ್ ಸಿಸ್ಟರೇ ಹಾಗೆ ಇಡಿಸಿದ್ದರು. ಮೇಡಂ ಬೇಸಿನ್ನಿನ ತೂತಿಗೆ ಕೆಂಪು ಬಣ್ಣ ಸುರಿದರು. ಟ್ರೇ ಮೇಲೆ ಬಿಳಿ ಕಾಗದ ಹಾಸಿದರು. ಎಂದಿನಂತೆ ಕೈ ತೊಳೆಯಲು ಸಿಸ್ಟರಿಗೆ ಹೇಳಿದರು. ನಲ್ಲಿ ರಭಸದಿಂದ ಸುರಿಯಿತು — ಕಾಗದದ ತುಂಬ ಕೆಂಪು ಚುಕ್ಕೆ.

ನಾನು ಟ್ರೇಯನ್ನು ಬೇಸಿನ್ನಿನಿಂದ ದೂರ ಎಳೆದೆ.

"ನಲ್ಲಿ ನೀರು ಪರೀಕ್ಷೆ ಮಾಡಿದ್ವಿ, ಅದು ಬೀಳೋ ತೂತನ್ನ ಬಿಟ್ವಿ," ಎಂದರು ಮೇಡಂ. "ರೋಗಾಣು ಮನೆ ಮಾಡಿರೋದು ಅಲ್ಲಿ. ಚಿಮ್ಮೋ ನೀರಿನ ಜೊತೆ ಬಾಟಲಿ ಬಾಯಿಗೆ, ಅಲ್ಲಿಂದ ರಕ್ತಕ್ಕೆ. ಆದ್ರೆ ಇಲ್ಲಿನ ಯಾವ ಮದ್ದಿಗೂ ಸಾಯದ ಹಾಗೆ ಅದನ್ನ ಪಳಗಿಸಿದ್ದು ಯಾರು? ಸಿಸ್ಟರ್, ಬಾಟಲೀಲಿ ಉಳಿದ ಔಷಧಿ ಏನ್ಮಾಡ್ತೀರಿ?"

"ಇಲ್ಲೇ ಸುರೀತೀನಿ." ಸಿಸ್ಟರ್ ಬೇಸಿನ್ನಿನ ತೂತಿನ ಕಡೆ ಕೈ ತೋರಿಸಿದರು. "ಕಸಕ್ಕೆ ಹಾಕಿದ್ರೆ ಯಾರಾದ್ರೂ ಆಯ್ದು ಮಾರ್ತಾರೆ ಅಂತ… ದಿನಾ ಸುರೀತೀನಿ. ನಾನೇ."

ದಿನವೂ ಆ ಉಳಿಕೆ ಔಷಧಿಯಲ್ಲೇ ಬದುಕಿದ ರೋಗಾಣು ಅದಕ್ಕೆ ಒಗ್ಗಿಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಪಾಪ, ಬೇಲಿಗೇ ಗೊತ್ತಿಲ್ಲದಂತೆ. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತಿದ್ದ ಆಯಾಳ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿದರು.

ಆ ವಾರ್ಡಿನಲ್ಲಿ ಎಂದೂ ಬಳಸದ ಹಳೆಯ ಔಷಧಿಯೊಂದಕ್ಕೆ ಮೇಷ್ಟ್ರ ರೋಗಾಣು ಬಗ್ಗಿದ್ದು ಅಂದು ಬೆಳಿಗ್ಗೆಯಷ್ಟೇ ನಮಗೆ ತಿಳಿದಿತ್ತು. ಅದನ್ನು ಬೇರೆ ಕೋಣೆಯ ಒಣ ಮೇಜಿನ ಮೇಲೆ ಬೆರೆಸಿದೆವು. ಮಗು ಉಳಿಯುತ್ತದೋ ಇಲ್ಲವೋ, ಹೇಳುವಂತಿರಲಿಲ್ಲ.

ಬಾಟಲಿ ಹಿಡಿದು ಸಿಸ್ಟರೇ ಒಳಗೆ ಹೋದರು. ಗುಬ್ಬಿ ಕಷ್ಟಪಟ್ಟು ಕಣ್ಣು ತೆರೆದಳು.

"ಚಿಕ್ಕಮ್ಮಾ, ಕೈ ತೊಳ್ಕೊಂಡ್ಯಾ?"