ಬಾಗಿಲಿನ ಲೆಕ್ಕ

ಕಾಕ್ಕನಾಡಿನ ನಮ್ಮ ಆಫೀಸಿನ ಸರ್ವರ್ ರೂಮಿನಲ್ಲಿ ಎಷ್ಟು ಜನರಿದ್ದಾರೆಂದು ಒಳಗೆ ಹೋಗುವಾಗ, ಹೊರಗೆ ಬರುವಾಗ ತಾಗಿಸುವ ಕಾರ್ಡಿನಿಂದ ಬಾಗಿಲೇ ಎಣಿಸುತ್ತದೆ. ಬೆಂಕಿಯ ಅಲಾರಂ ಹೊಡೆದಾಗ ಲೆಕ್ಕ ಸೊನ್ನೆಯಿದ್ದರೆ ಬಾಗಿಲು ಬಿಗಿದುಕೊಂಡು ಗ್ಯಾಸ್ ಬಿಡುತ್ತದೆ. ಆಗ ಬೆಂಕಿಯೂ ಉಳಿಯುವುದಿಲ್ಲ, ಒಳಗಿದ್ದವರ ಉಸಿರೂ ಉಳಿಯುವುದಿಲ್ಲ.

ಅದಕ್ಕೇ ನಾವೆಲ್ಲ ಚೇಟ್ಟನ್, ಅಂದರೆ ಅಣ್ಣ, ಎನ್ನುತ್ತಿದ್ದ ಕಾವಲಿನ ವರ್ಗೀಸ್ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. "ಮೋಳೇ, ಕಾರ್ಡ್?" ಎಂದು ಮಗಳನ್ನು ಕರೆದಂತೆ ನನ್ನನ್ನು ತಡೆಯುತ್ತಿದ್ದರು. ಹಣೆಗೆ ಸದಾ ಅಮೃತಾಂಜನ ಹಚ್ಚಿಕೊಂಡಿರುತ್ತಿದ್ದರು. ಜೂನ್ ತಿಂಗಳಲ್ಲಿ ತೀರಿಕೊಂಡರು.

ಓಣಂ ಮರುದಿನ ಮಧ್ಯಾಹ್ನ ಆಫೀಸು ಖಾಲಿಯಿತ್ತು. ನನ್ನ ಎರಡೂ ಕೈಯಲ್ಲಿ ಕೇಬಲ್ ರಾಶಿ. ಒಳಗಿನಿಂದ ಹೊರಟಿದ್ದ ಸಹೋದ್ಯೋಗಿ ವಿಕಾಸ್ ಬಾಗಿಲು ಹಿಡಿದು ನಿಂತ. "ಬಾ ಮಾರಾಯ್ತಿ, ಕಾರ್ಡ್ ಆಮೇಲೆ ತೋರಿಸು."

ಅಷ್ಟು ವಿಶ್ವಾಸದಿಂದ ಹಿಡಿದ ಬಾಗಿಲನ್ನು ಬೇಡವೆನ್ನಲು ಬಾಯಿ ಬರಲಿಲ್ಲ. ಹೋದೆ.

ಥರಗುಟ್ಟಿಸುವ ಆ ಕೋಣೆಯಲ್ಲಿ ಬಾಗಿಲ ಪಕ್ಕ ಒಂದು ಕಡೆ ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ. ಅಮೃತಾಂಜನದ ವಾಸನೆ ಬಂತು. ಹೊರಗೆ ಕಾರ್ಡ್ ತಾಗಿಸಿದ ಬೀಪ್ ಕೇಳಿತು, ಆದರೆ ಯಾರೂ ಬರಲಿಲ್ಲ. ಮರುಕ್ಷಣವೇ ಅಲಾರಂ ಕಿರುಚಿತು. ಓಡಿ ಬಂದು ತಳ್ಳಿದೆ, ಬಾಗಿಲು ತೆರೆದುಕೊಂಡಿತು. ಗ್ಯಾಸ್ ಬಿಟ್ಟಿರಲಿಲ್ಲ.

ವಿಕಾಸ್ ಬಾಗಿಲಿನ ದಾಖಲೆ ತೆಗೆದ. ಅದರಲ್ಲಿ ನನ್ನ ಹೆಸರಿರಲಿಲ್ಲ. ಆ ನಿಮಿಷದಲ್ಲಿ ಒಳಗೆ ಹೋದದ್ದು ಒಬ್ಬರೇ, ವರ್ಗೀಸ್.

"ಅವರ ಕಾರ್ಡ್ ರದ್ದು ಮಾಡಿದ್ದು ನೀನೇ ಅಲ್ವಾ?" ಎಂದ.

ಹೌದು. ಕತ್ತರಿಯಿಂದ ಎರಡು ತುಂಡು ಮಾಡಿದ್ದೂ ನಾನೇ. ಆ ತುಂಡುಗಳು ನನ್ನ ಡ್ರಾಯರಿನಲ್ಲೇ ಇದ್ದವು.

ಚೇಟ್ಟನ್ ಹೊರಗೆ ಬಂದ ದಾಖಲೆ ಇವತ್ತಿನವರೆಗೂ ಇಲ್ಲ. ಕೋಣೆ ಖಾಲಿಯಿದ್ದಾಗಲೂ ಬಾಗಿಲಿನ ಲೆಕ್ಕ ಒಂದು ಎಂದೇ ತೋರಿಸುತ್ತದೆ.